ಹೊಸ ಮಾಲು ಹಿಂದೆ, ಹಳೆಯದು ಮುಂದೆ: ಗೋದಾಮಿನ ರ‍್ಯಾಕ್ ತುಂಬುವುದು ಹೇಗೆ?

ಬೆಳಗಾವಿಯ ರವಿವಾರ ಪೇಟೆಯಂಥ ಕಡೆ ಕಿರಾಣಿ ಗೋದಾಮು ನಡೆಸುವವರಿಗೆ ಎರಡು ಜಾಗ ಬೇಕೇ ಬೇಕು. ಆರ್ಡರ್ ಬಂದಾಗ ಕೈ ಹಾಕಲು ಮುಂದಿನ ರ‍್ಯಾಕ್, ಉಳಿದ ಮಾಲು ಒಟ್ಟಲು ಹಿಂದಿನ ಜಾಗ. ಮುಂದಿನ ರ‍್ಯಾಕ್ ತುಂಬುವುದರಲ್ಲೇ ಎಲ್ಲರೂ ಎಡವುತ್ತಾರೆ.

ಮೊದಲು ಲೆಕ್ಕ. ಬಿಸ್ಕತ್ತು ದಿನಕ್ಕೆ 12 ಬಾಕ್ಸ್ ಹೋಗುತ್ತದೆ, ದಿನಕ್ಕೊಮ್ಮೆ ತುಂಬುತ್ತೀರಿ ಅಂದುಕೊಳ್ಳಿ. ಒಂದು ದಿನ ಹೆಚ್ಚು ಹೋದರೂ ಖಾಲಿಯಾಗದಿರಲಿ ಅಂತ ಆ 12ಕ್ಕೆ ಇನ್ನೂ 6 ಸೇರಿಸಿ. ರ‍್ಯಾಕಿನಲ್ಲಿ 18ಕ್ಕೆ ಇಳಿದರೆ ಅಂದೇ ತುಂಬಿ. ಗಣೇಶ ಹಬ್ಬದ ಮುಂದೆ ರವೆ, ಬೆಲ್ಲಕ್ಕೆ ಈ ಅಂಕಿ ಏರಿಸಿ.

ಸಂಜೆ ಆರ್ಡರ್ ಮುಗಿದ ಮೇಲೆಯೇ ತುಂಬಿ. ಬೆಳಿಗ್ಗೆ ಹಮಾಲರ ಓಡಾಟದ ನಡುವೆ ಬೇಡ.

ಈಗ ಮುಖ್ಯ ಕೆಲಸ. ರ‍್ಯಾಕಿನಲ್ಲಿ ಉಳಿದದ್ದನ್ನು ಪೂರ್ತಿ ಕೆಳಗಿಳಿಸಿ, ಎಣಿಸಿ, ಬಟ್ಟೆಯಿಂದ ಹಲಗೆ ಒರೆಸಿ. ಹೊಸ ಬಾಕ್ಸ್ ಹಿಂದಕ್ಕೆ, ಹಳೆಯದು ಮುಂದಕ್ಕೆ. ಸುಮ್ನೆ ಮುಂದಿನಿಂದ ತಳ್ಳಿದರೆ ಬೇಗ ಮುಗಿಯುತ್ತದೆ ನಿಜ. ಆದರೆ ನಾನು ಮೊದಲು ಕೆಲಸ ಮಾಡಿದ ಗೋದಾಮಿನಲ್ಲಿ ಹಾಗೆ ತಳ್ಳಿ ತಳ್ಳಿ, ಹಿಂದಿನ ಮೂಲೆಯಲ್ಲಿ ಆರು ಬಾಕ್ಸ್ ಶ್ಯಾವಿಗೆ ಸಿಕ್ಕಿತು. ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು, ಒಂದು ಮೂಲೆಯಲ್ಲಿ ಇಲಿ ಕಡಿದ ತೂತು. ಅವಧಿ ಮುಗಿದು ಎರಡು ತಿಂಗಳಾಗಿತ್ತು. ನೋಡಿ ಹೊಟ್ಟೆ ಉರಿಯಿತು.

ಇನ್ನೊಂದು ಮಾತು. ನಿನ್ನೆ ಬಂದ ಬಾಕ್ಸೇ ಹೊಸದು ಅಂತ ನಂಬಬೇಡಿ. ಕೆಲವು ಸಲ ಆಮೇಲೆ ಬಂದದ್ದರ ಅವಧಿಯೇ ಮೊದಲು ಮುಗಿಯುತ್ತದೆ. ಹಾಗಿದ್ದರೆ ಅದೇ ಮುಂದೆ ಬರಬೇಕು. ಅಚ್ಚಾದ ತಾರೀಖು ಸಣ್ಣದಾಗಿರುತ್ತದೆ, ಅಲ್ವಾ? ತಿಂಗಳು, ವರ್ಷವನ್ನು ದಪ್ಪ ಮಾರ್ಕರ್‌ನಲ್ಲಿ ಎದುರಿನ ಬದಿಗೇ ಬರೆಯಿರಿ. ಅಗ್ಗದ ಸ್ಟಿಕ್ಕರ್ ಬೇಡವೇ ಬೇಡ, ನಮ್ಮ ಮಳೆಗಾಲದ ತೇವಕ್ಕೆ ಕಿತ್ತು ಬೀಳುತ್ತದೆ. ತೆರೆದ ಬಾಕ್ಸ್ ಒಂದೇ ಇರಲಿ, ಎಲ್ಲಕ್ಕಿಂತ ಮುಂದೆ.

ಇಟ್ಟ ತಕ್ಷಣ, ಅಲ್ಲೇ ನಿಂತು ಬರೆಯಿರಿ: ಹಿಂದಿನ ಜಾಗದಿಂದ 12 ಕಳೆಯಿತು, ರ‍್ಯಾಕಿಗೆ 12 ಕೂಡಿತು. "ಚಹಾ ಕುಡಿದು ಬರೆಯೋಣ" ಅಂದವರ ಕಂಪ್ಯೂಟರ್‌ನಲ್ಲಿ ಮಾಲು ಹಿಂದೆಯೇ ಉಳಿದಿರುತ್ತದೆ. ಮರುದಿನ ಹುಡುಗ ಅಲ್ಲಿ ಹುಡುಕಿ, ಇಲ್ಲ ಅಂತ ಗಿರಾಕಿಯನ್ನು ವಾಪಸ್ ಕಳಿಸುತ್ತಾನೆ.

ಎಣ್ಣೆ ಡಬ್ಬಿಯಂಥ ಭಾರದ್ದು ಕೆಳಗಿನ ಹಲಗೆಗೆ. ಮಹಾಲಿಂಗಪುರದ ಬೆಲ್ಲ ಮಾತ್ರ ನೆಲಕ್ಕೂ ಗೋಡೆಗೂ ತಾಗದಂತೆ, ಮರದ ಪಟ್ಟಿಯ ಮೇಲೆ, ಗೋಡೆಯಿಂದ ಒಂದು ಗೇಣು ಬಿಟ್ಟು ಇಡಿ. ಜೂನ್ ಮಳೆ ಹಿಡಿಯುವ ಮೊದಲೇ ಈ ಜಾಗ ಮಾಡಿಕೊಳ್ಳಿ, ಬೆಲ್ಲ ಒಮ್ಮೆ ನೀರು ಬಿಟ್ಟರೆ ಮತ್ತೆ ಗಟ್ಟಿ ಮಾಡುವುದು ಕಷ್ಟ.