ಒಂದೇ 'ಕೇಳು', ಇಂಗ್ಲಿಷಿನಲ್ಲಿ ಮೂರು

ದಾವಣಗೆರೆ ಎಪಿಎಂಸಿಯ ದಲ್ಲಾಳಿ ಅಂಗಡಿಯೊಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಹೊರರಾಜ್ಯದ ಖರೀದಿದಾರರಿಗೆ ಇಮೇಲ್ ಹಾಕುವುದೂ ನನ್ನದೇ ಕೆಲಸ. ಒಮ್ಮೆ ಮೆಕ್ಕೆಜೋಳ ತುಂಬಿದ ಲಾರಿ ನಿಂತಿತ್ತು, ದುಡ್ಡು ಬಂದಿರಲಿಲ್ಲ. ಅವರ ಆಫೀಸಿಗೆ ಫೋನ್ ಮಾಡಿ ಮ್ಯಾನೇಜರ್ ಇದ್ದಾರಾ ಅಂದೆ, ಸಿಗಲಿಲ್ಲ. ಆಮೇಲೆ 'ಐ ಆಸ್ಕ್ಡ್ ಯುವರ್ ಮ್ಯಾನೇಜರ್' ಅಂತ ಬರೆದೆ. ಮ್ಯಾನೇಜರ್ ಜೊತೆ ಮಾತಾಗಿದೆ ಅಂದುಕೊಂಡು ಆ ಕಡೆಯವರು ಸುಮ್ಮನಾದರು. ಲಾರಿ ಇಡೀ ದಿನ ನಿಂತೇ ಇತ್ತು.

ಬೇಕಿದ್ದದ್ದು 'ಆಸ್ಕ್ಡ್ ಫಾರ್'. ಬರೀ ಆಸ್ಕ್ಡ್ ಅಂದರೆ ಅವರನ್ನೇ ಪ್ರಶ್ನೆ ಕೇಳಿದೆ ಅಂತ. ಫಾರ್ ಸೇರಿದರೆ ಅವರು ಬೇಕು ಅಂತ ಕೇಳಿದೆ ಅಂತ. ನಮ್ಮ 'ಮ್ಯಾನೇಜರನ್ನ ಕೇಳಿದೆ'ಯಲ್ಲಿ ಎರಡೂ ಇವೆ ಅಲ್ವಾ?

ಅವತ್ತಿನಿಂದ 'ಕೇಳು' ಪದವನ್ನೇ ಹಿಡಿದು ಕೂತೆ. ಬೆಣ್ಣೆದೋಸೆ ಹೋಟೆಲಿನಲ್ಲಿ 'ವೇಟರ್‌ಗೆ ಚಟ್ನಿ ಕೇಳಿದೆ' ಅನ್ನುತ್ತೇವೆ. ಆ 'ಗೆ'ಯನ್ನು ನಂಬಿ 'ಆಸ್ಕ್ಡ್ ಟು ದ ವೇಟರ್' ಅಂತ ಬರೆಯುತ್ತಿದ್ದೆ. ಸರಿಯಾದದ್ದು 'ಆಸ್ಕ್ಡ್ ದ ವೇಟರ್ ಫಾರ್ ಚಟ್ನಿ'. ಮನುಷ್ಯನಿಗೆ ಮೊದಲು ಏನೂ ಬೇಡ, ಚಟ್ನಿಗೆ ಮೊದಲು ಫಾರ್ ಬೇಕು.

ಹಿಯರ್, ಲಿಸನ್ ಟು ನಡುವಿನ ವ್ಯತ್ಯಾಸ ಕನ್ನಡದಲ್ಲೇ ಸಿಕ್ಕಿತು. ಅಂಗಡಿಯಲ್ಲಿ ಕೂತಿದ್ದಾಗ ರೈಲಿನ ಹಾರ್ನ್ 'ನನಗೆ ಕೇಳಿಸಿತು'. ಅದು ಹಿಯರ್. ರೈತರ ಮಾತನ್ನು 'ನಾನು ಕೇಳಿಸಿಕೊಂಡೆ'. ಅದು ಲಿಸನ್ ಟು. ಕಣ್ಣಿಗೂ ಹಾಗೇ. 'ನನಗೆ ಕಾಣಿಸಿತು' ಸೀ, 'ನಾನು ನೋಡಿದೆ' ಲುಕ್ ಅಟ್. 'ನನಗೆ' ಬಂತಾ, 'ನಾನು' ಬಂತಾ ಅಂತ ಮೊದಲು ನೋಡುತ್ತೇನೆ. ತೂಕ ಮುಗಿಯುವವರೆಗೆ ಕಾಟಾ ಮೇಲೆ ಕಣ್ಣಿಟ್ಟು ನಿಂತರೆ ವಾಚ್. ಇದಕ್ಕೆ ಅಟ್ ಬೇಡ. ಸಿನಿಮಾ ವಿಷಯದಲ್ಲಿ ಮಾತ್ರ ನನ್ನ ಲೆಕ್ಕ ತಪ್ಪುತ್ತದೆ. ಅಲ್ಲಿ 'ನಾನು ನೋಡಿದೆ' ಅಂದರೂ ಸೀ ನಡೆಯುತ್ತದೆ.

ಡಿಸ್ಕಸ್ ಆದಮೇಲೆ ಅಬೌಟ್ ಇಲ್ಲ. ರೀಚ್ ಆದಮೇಲೆ ಟು ಇಲ್ಲ. ಅರೈವ್ ಆದರೆ ದಾವಣಗೆರೆಗೆ ಇನ್, ಸ್ಟೇಷನ್ನಿಗೆ ಅಟ್. ಇವನ್ನೆಲ್ಲ ಹಳೇ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಕ್ರಿಯಾಪದ ಒಂದನ್ನೇ ಯಾವತ್ತೂ ಬರೆಯುವುದಿಲ್ಲ. ಅವತ್ತು ಅಂಗಡಿಯಲ್ಲಿ ನಡೆದದ್ದನ್ನೇ ಪೂರ್ತಿ ವಾಕ್ಯ ಮಾಡಿ ಬರೆಯುತ್ತೇನೆ.

ಈಗ 'ಹೇಳು' ಪುಟದಲ್ಲಿದ್ದೇನೆ. ಟೋಲ್ಡ್ ಹಿಮ್, ಆದರೆ ಸೆಡ್ ಟು ಹಿಮ್, ಎಕ್ಸ್‌ಪ್ಲೇನ್ಡ್ ಟು ಹಿಮ್. ಕನ್ನಡದಲ್ಲಿ ಮೂರಕ್ಕೂ 'ಅವನಿಗೆ'. ಇದಕ್ಕೆ 'ನನಗೆ-ನಾನು' ತರಹದ ದಾರಿ ಇನ್ನೂ ಸಿಕ್ಕಿಲ್ಲ. ದಿನಾ ಮೂರು ವಾಕ್ಯ ಬರೆದು ಗಟ್ಟಿಯಾಗಿ ಓದುತ್ತಿದ್ದೇನೆ.