ಕೂರ್ಶವೆಲ್‌ನಲ್ಲಿ ಊಟ: ಫ್ರಾನ್ಸಿಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಚಳಿಗಾಲದ ರಜೆಗೆ ಆಲ್ಪ್ಸ್‌ನ ಕೂರ್ಶವೆಲ್‌ಗೆ ಹೊರಟವರು ಮೊದಲು ತಿಳಿಯಬೇಕಾದದ್ದು, ಅದು ಒಂದೇ ಊರಲ್ಲ ಎಂಬುದನ್ನು. ಕಣಿವೆಯಿಂದ ಮೇಲಕ್ಕೆ ಸಾಂ ಬೋಂ, ಲ ಪ್ರಾ, ಪಕ್ಕಕ್ಕೆ ಸರಿದು ಲಾ ತಾನಿಯಾ, ಆಮೇಲೆ ವಿಲಾಜ್, ಮೊರಿಯೋಂ, ಎಲ್ಲಕ್ಕೂ ಮೇಲೆ ಕೂರ್ಶವೆಲ್ 1850. ಲ ಪ್ರಾಗೆ 1300, ವಿಲಾಜ್‌ಗೆ 1550, ಮೊರಿಯೋಂಗೆ 1650 ಎಂಬ, ಎತ್ತರವನ್ನು ಮೀಟರಿನಲ್ಲಿ ಸೂಚಿಸುವ ಹಳೆಯ ಹೆಸರುಗಳು ಇನ್ನೂ ಜನರ ಬಾಯಲ್ಲಿವೆ. ಹಾಗಾಗಿ ಟೇಬಲ್ ಕಾದಿರಿಸುವಾಗ ಯಾವ ಹಳ್ಳಿ ಎಂದು ಖಚಿತ ಮಾಡಿಕೊಳ್ಳಿ. ಹಿಮದಲ್ಲಿ ತಪ್ಪು ಹಳ್ಳಿಗೆ ಹೋದರೆ ತಿರುಗಿ ಬರುವಷ್ಟರಲ್ಲಿ ಊಟದ ಹೊತ್ತು ಮೀರಿರುತ್ತದೆ. ಹಳ್ಳಿಗಳ ನಡುವೆ ಉಚಿತ ಬಸ್ ಇದೆ. ರಾತ್ರಿಯ ಕೊನೆಯ ಬಸ್ ಎಷ್ಟಕ್ಕೆ ಎಂದು ನಿಲ್ದಾಣದಲ್ಲಿ ನೋಡಿಕೊಂಡೇ ಊಟಕ್ಕೆ ಕೂರಿ.

ಎತ್ತರ ಏರಿದಂತೆ ಬಿಲ್ಲೂ ಏರುತ್ತದೆ. 1850 ಅತಿ ಶ್ರೀಮಂತರ ಜಾಗ. ಅಲ್ಲಿನ ಶೆವಾಲ್ ಬ್ಲಾಂ ಹೋಟೆಲಿನೊಳಗಿರುವ 'ಲ 1947' ರೆಸ್ಟೋರೆಂಟಿಗೆ ಬಾಣಸಿಗ ಯಾನಿಕ್ ಅಲೆನೊ 2017ರಲ್ಲಿ ಮಿಷ್ಲಾಂ ಎಂಬ ರೆಸ್ಟೋರೆಂಟ್ ಕೈಪಿಡಿಯ ಮೂರನೇ ನಕ್ಷತ್ರ ತಂದುಕೊಟ್ಟರು. ಇಂಥ ಕಡೆ ಒಬ್ಬರ ಊಟಕ್ಕೇ ನೂರಾರು ಯೂರೋ. ಕುಟುಂಬದೊಂದಿಗೆ ನೆಮ್ಮದಿಯಾಗಿ ಕೂತು ಉಣ್ಣಬೇಕೆಂದರೆ ಲ ಪ್ರಾ ಮತ್ತು ಮೊರಿಯೋಂ ಕಡೆ ನೋಡಿ ಎನ್ನುವುದು ನಮ್ಮ ಸಲಹೆ. 1992ರ ಒಲಿಂಪಿಕ್ಸ್‌ಗಾಗಿ ಕಟ್ಟಿದ ಸ್ಕೀ ಜಂಪ್ ಇರುವ ಲ ಪ್ರಾದಲ್ಲಿ ಹಳೆಯ ಹಳ್ಳಿಯ ಕಳೆ ಉಳಿದಿದೆ. ಅಲ್ಲಿನ ಬಿಸ್ತ್ರೋಗಳಲ್ಲಿ ಅಡುಗೆಯೂ ಅಚ್ಚುಕಟ್ಟು.

ಸಸ್ಯಾಹಾರಿಗಳಿಗೆ ಒಂದು ಮಾತು. ಮುಂಚಿತವಾಗಿ ತಿಳಿಸಿದರೆ ನಕ್ಷತ್ರದ ಅಡುಗೆಮನೆಯಲ್ಲಿ ಸಿಗುವ ಸಸ್ಯಾಹಾರ ಚೀಸ್ ಹೋಟೆಲಿಗಿಂತ ಎಷ್ಟೋ ಮೇಲು. ದೊಡ್ಡ ಬಾಣಸಿಗರು ತರಕಾರಿಗೂ ಸಮಯ ಕೊಡುತ್ತಾರೆ, ಆದರೆ ಮಾಂಸ, ತರಕಾರಿ ಬೇಯಿಸಿ ತೆಗೆಯುವ ಸಾರಗಳೆಲ್ಲ ಹಿಂದಿನ ದಿನವೇ ತಯಾರಾಗುವುದರಿಂದ ಟೇಬಲ್ಲಿಗೆ ಕೂತ ಮೇಲೆ ಕೇಳಿದರೆ ಅವರೂ ಕೈಚೆಲ್ಲುತ್ತಾರೆ. ಕನಿಷ್ಠ ಎರಡು ದಿನ ಮೊದಲು ಬರಹದಲ್ಲೇ ತಿಳಿಸಿ. ಬರೀ 'ವೆಜಿಟೇರಿಯನ್' ಎಂದರೆ ಸಾಲದು. ಮಾಂಸ, ಮೀನು, ಮಾಂಸದ ಬುಯೋಂ (ಸಾರ), ಜೆಲಾಟಿನ್ ಬೇಡ. ಮೊಟ್ಟೆ ಬೇಕೋ ಬೇಡವೋ, ವೈನ್ ಆಗುತ್ತದೋ ಇಲ್ಲವೋ ಎಂದು ಒಂದೊಂದನ್ನೂ ಬಿಡಿಸಿ ಬರೆಯಿರಿ. ಅನೇಕ ಕಡೆ ಕಾದಿರಿಸುವಾಗಲೇ ಕಾರ್ಡ್ ವಿವರ ಪಡೆಯುತ್ತಾರೆ. ಹೇಳದೆ ಕೇಳದೆ ತಪ್ಪಿಸಿಕೊಂಡರೆ ಹಣ ಕಡಿತವಾಗುತ್ತದೆ.

ಇಳಿಜಾರಿನ ನಡುವಿನ ರೆಸ್ಟೋರೆಂಟುಗಳಲ್ಲಿ ಮಧ್ಯಾಹ್ನದ ಊಟ ಸಾಮಾನ್ಯವಾಗಿ ಎರಡು ಪಂಕ್ತಿ: ಹನ್ನೆರಡು, ಹನ್ನೆರಡೂವರೆಗೆ ಒಂದು, ಎರಡರ ಹೊತ್ತಿಗೆ ಇನ್ನೊಂದು. ಮಕ್ಕಳಿದ್ದರೆ ಮೊದಲನೆಯದನ್ನೇ ಹಿಡಿಯಿರಿ. ಎರಡನೆಯ ಪಂಕ್ತಿಯಲ್ಲಿ ಕೂತವರು ಏಳುವಾಗ ಮೂರೂವರೆ ದಾಟಿರುತ್ತದೆ, ಲಿಫ್ಟುಗಳು ಸಂಜೆ ಐದರೊಳಗೆ ನಿಲ್ಲುತ್ತವೆ, ನೆರಳು ಬಿದ್ದ ಹಿಮ ಗಟ್ಟಿಯಾಗಿ ಜಾರುತ್ತದೆ. ಹೊಸದಾಗಿ ಸ್ಕೀ ಕಲಿಯುತ್ತಿರುವವರು ತುಂಬಿದ ಹೊಟ್ಟೆಯಲ್ಲಿ ಆ ಹೊತ್ತಿಗೆ ಇಳಿಯುವುದು ಬೇಡ. ಸ್ಕೀ ಮಾಡದ ಹಿರಿಯರಿಗೂ ದಾರಿ ಉಂಟು: ಪಾದಚಾರಿಗಳ ಪಾಸ್ ಕೊಂಡು ವೆರ್ದೋಂ ಗೊಂಡೋಲಾ, ಅಲ್ಲಿಂದ ಕೇಬಲ್ ಕಾರ್ ಹಿಡಿದರೆ 2738 ಮೀಟರ್ ಎತ್ತರದ ಸೋಲೀರ್ ತುದಿ. ಅಲ್ಲಿನ ಪನೋರಮಿಕ್‌ ರೆಸ್ಟೋರೆಂಟಿನಲ್ಲಿ ಕಾಫಿಯ ಜೊತೆಗೆ ಮೋಂ ಬ್ಲಾಂ ಶಿಖರ ನೋಡಬಹುದು. ಗಾಳಿ ಜೋರಾದರೆ ಕೇಬಲ್ ಕಾರ್ ನಿಲ್ಲಿಸುತ್ತಾರೆ. ವೆರ್ದೋಂ ಇಳಿಜಾರಿನ 'ಶಾಲೆ ದ ಪಿಯೇರ್' ರೆಸ್ಟೋರೆಂಟು ತನ್ನ ಸಿಹಿತಿನಿಸಿನ ಬಫೆಗೆ ಹೆಸರುವಾಸಿ.

ಈಗ ಮೆನು. ಕೂರ್ಶವೆಲ್ ಇರುವ ಸವ್ವಾ ಪ್ರಾಂತ್ಯದ ಅಡುಗೆ ಎಂದರೆ ಆಲೂಗೆಡ್ಡೆ, ಚೀಸ್, ಕೆನೆ. ಕೇಳುವುದಕ್ಕೆ ಸಸ್ಯಾಹಾರ, ಆದರೆ ಒಳಗೆ ಬೇರೆಯದಿರುತ್ತದೆ. ತಾರ್ತಿಫ್ಲೆಟ್ ಎಂದರೆ ಆಲೂಗೆಡ್ಡೆ, ಈರುಳ್ಳಿ, ಮೇಲೆ ಕರಗಿದ ರೆಬ್ಲೊಶೋಂ ಚೀಸ್, ಜೊತೆಗೆ ಲಾರ್ದೋಂ, ಅಂದರೆ ಹಂದಿಮಾಂಸದ ಸಣ್ಣ ತುಂಡುಗಳು. ಅವನ್ನು ಮೊದಲೇ ಬೆರೆಸಿಟ್ಟಿರುತ್ತಾರಾದ್ದರಿಂದ ತೆಗೆದುಕೊಡಿ ಎಂದರೆ ಆಗದು. ಬಿಸಿ ಮೇಕೆ ಚೀಸಿನ ಸಲಾಡಿನ ಮೇಲೂ ಇವೇ ಉದುರಿರುತ್ತವೆ. ಅಲ್ಲಿ 'ಸಾಂ ಲಾರ್ದೋಂ' (ಲಾರ್ದೋಂ ಇಲ್ಲದೆ) ಎಂದು ಹೇಳಿದರೆ ಬಿಟ್ಟುಕೊಡುತ್ತಾರೆ. ಈರುಳ್ಳಿ ಸೂಪಿಗೆ ಬಹುತೇಕ ದನದ ಮಾಂಸದ ಸಾರ, ತರಕಾರಿ ಸೂಪಿಗೂ ಹಲವೆಡೆ ಕೋಳಿಯ ಸಾರ. ಗ್ರಾತಾಂ ದೋಫಿನ್ವಾಗೆ ಬೀಳುವುದು ಆಲೂಗೆಡ್ಡೆ, ಹಾಲು, ಕೆನೆ, ಬೆಳ್ಳುಳ್ಳಿ ಅಷ್ಟೇ, ಆದ್ದರಿಂದ ಇದ್ದುದರಲ್ಲಿ ನಂಬಿಕೆಗೆ ಅರ್ಹ. ಗ್ರಾತಾಂ ಸವ್ವಾಯಾರ್‌ಗೆ ಕೆನೆಯ ಬದಲು ಮಾಂಸದ ಸಾರ ಹಾಕುವವರಿದ್ದಾರೆ, ಕೇಳಿಕೊಳ್ಳಿ. ಕ್ರೋಜೆ ಎಂಬ ಪುಟ್ಟ ಚೌಕದ ಪಾಸ್ತಾವನ್ನು ಬೋಫೋರ್ ಚೀಸಿನಲ್ಲಿ ಬೇಯಿಸಿ ಕೊಟ್ಟರೆ ಮಕ್ಕಳಿಗೆ ಬಲು ಇಷ್ಟ, ದಿಯೋ ಎಂಬ ಹಂದಿ ಸಾಸೇಜ್ ಮಾತ್ರ ಬೇಡವೆನ್ನಿ. ರಾಕ್ಲೆಟ್‌ನಲ್ಲಿ ಮೇಜಿನ ಮೇಲೇ ಕರಗಿಸಿಕೊಳ್ಳುವ ಚೀಸ್, ಬೆಂದ ಆಲೂಗೆಡ್ಡೆ, ಉಪ್ಪಿನಕಾಯಿ ಸೌತೆ ಒಂದು ಕಡೆ, ಮಾಂಸ ಬೇರೆ ತಟ್ಟೆಯಲ್ಲಿ ಬರುತ್ತದೆ. ಹೀಗಾಗಿ ಮಿಶ್ರ ಗುಂಪಿಗೆ ಅದೇ ಅನುಕೂಲ.

ಚೀಸಿನ ವಿಚಾರದಲ್ಲಿ ಕಟ್ಟುನಿಟ್ಟಾಗಿರುವವರು ಗಮನಿಸಿ: ಬೋಫೋರ್, ರೆಬ್ಲೊಶೋಂ, ಕೋಂತೆ ಮೂರನ್ನೂ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿಯೇ ಹೆಪ್ಪುಗಟ್ಟಿಸುತ್ತಾರೆ. ಅದು ಬೇಡವಾದರೆ ಸೂಪರ್‌ಮಾರ್ಕೆಟ್ಟಿನ ರಾಕ್ಲೆಟ್ ಪೊಟ್ಟಣದ ಮೇಲೆ 'ಮೈಕ್ರೋಬಿಯನ್' (ಸೂಕ್ಷ್ಮಜೀವಿಯಿಂದ ಪಡೆದ) ಹೆಪ್ಪು ಎಂದಿದೆಯೇ ನೋಡಿ. ರೆಬ್ಲೊಶೋಂ ಹಸಿ ಹಾಲಿನದು. ಬಸುರಿಯರಿಗೂ ಐದು ವರ್ಷದೊಳಗಿನ ಮಕ್ಕಳಿಗೂ ಅದು ಬೇಡವೆಂದು ಫ್ರಾನ್ಸಿನ ಆರೋಗ್ಯ ಇಲಾಖೆಯೇ ಹೇಳುತ್ತದೆ. ಗಟ್ಟಿಯಾಗಿ ಪಕ್ವವಾದ ಬೋಫೋರ್, ಕೋಂತೆಗೆ ಆ ನಿರ್ಬಂಧವಿಲ್ಲ.

ನೀರಿಗೆ ದುಡ್ಡು ಕೊಡಬೇಕಿಲ್ಲ. 'ಯುನ್ ಕರಾಫ್ ದೋ, ಸಿಲ್ ವು ಪ್ಲೇ' ಎಂದರೆ ನಲ್ಲಿ ನೀರು ಹೂಜಿಯಲ್ಲಿ ಬರುತ್ತದೆ. ಬರೀ ನೀರು ಕೇಳಿದರೆ ಬಾಟಲಿ ತೆರೆದುಬಿಡುತ್ತಾರೆ. ಬಿಲ್ಲಿನಲ್ಲಿ ತೆರಿಗೆಯೂ ಸೇವಾಶುಲ್ಕವೂ ಸೇರಿರುತ್ತವೆ, ಟಿಪ್ಸ್ ನಿಮ್ಮಿಷ್ಟ. ಕರಗಿಸಿದ ಚೀಸಿಗೆ ಬ್ರೆಡ್ ಅದ್ದಿ ತಿನ್ನುವ ಫೊಂಡ್ಯುವಿನ ಬೆಲೆ ಒಬ್ಬರಿಗೆ ಎಂದು ಬರೆದಿದ್ದರೂ ಕನಿಷ್ಠ ಇಬ್ಬರಿಗೆ ತರಿಸಬೇಕೆಂಬ ಷರತ್ತು ಕೆಳಗಿರುತ್ತದೆ.

ಫೊಂಡ್ಯುಗೆ ಬಿಳಿ ವೈನ್ ಬೀಳುತ್ತದೆ, ಕುದಿಸಿದರೂ ಮದ್ಯದ ಅಂಶ ಪೂರ್ತಿ ಹೋಗುವುದಿಲ್ಲ. ಬೇಡದವರು ಅಪಾರ್ಟ್‌ಮೆಂಟಿನಲ್ಲೇ ಮಾಡಿಕೊಳ್ಳಬಹುದು. ನಾಲ್ವರಿಗೆ 800 ಗ್ರಾಂ ಚೀಸ್, ಅರ್ಧ ಬೋಫೋರ್, ಅರ್ಧ ಕೋಂತೆ ತುರಿದು ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರಿನಲ್ಲಿ ಹೊರಳಿಸಿ. ಪಾತ್ರೆಗೆ ಬೆಳ್ಳುಳ್ಳಿ ಉಜ್ಜಿ, 350 ಮಿ.ಲೀ. ತರಕಾರಿ ಬೇಯಿಸಿದ ನೀರು, ಮೂರು ದೊಡ್ಡ ಚಮಚ ನಿಂಬೆರಸ ಹಾಕಿ ಬಿಸಿ ಮಾಡಿ, ಚೀಸನ್ನು ಹಿಡಿಹಿಡಿಯಾಗಿ ಉದುರಿಸುತ್ತ ಸಣ್ಣ ಉರಿಯಲ್ಲಿ ತಿರುವಿ. ವೈನಿನ ಹುಳಿ ಮಾಡುವ ಕೆಲಸವನ್ನು ಇಲ್ಲಿ ನಿಂಬೆ ಮಾಡುತ್ತದೆ. ಹುಳಿ ಇಲ್ಲದಿದ್ದರೆ ಚೀಸ್ ಮುದ್ದೆಗಟ್ಟಿ ನೂಲಾಗುತ್ತದೆ. ಕುದಿಯಲು ಬಿಟ್ಟರೆ ಜಿಡ್ಡು ಒಡೆದು ಮೇಲೆ ತೇಲುತ್ತದೆ. ಒಡೆದರೆ ಕೆಳಗಿಳಿಸಿ, ತಣ್ಣೀರಿನಲ್ಲಿ ಕದಡಿದ ಒಂದು ಚಮಚ ಕಾರ್ನ್‌ಫ್ಲೋರ್, ಇನ್ನಷ್ಟು ನಿಂಬೆರಸ ಸೇರಿಸಿ ಜೋರಾಗಿ ತಿರುವಿದರೆ ಕೂಡಿಕೊಳ್ಳುತ್ತದೆ. ರಾಕ್ಲೆಟ್‌ಗಾದರೆ ತಲೆಗೆ 200 ಗ್ರಾಂ ಚೀಸ್ ಧಾರಾಳ. ಚೀಸ್ ಕೊಂಡವರಿಗೆ ಅದನ್ನು ಕರಗಿಸುವ ಯಂತ್ರ ಎರವಲು ಕೊಡುವ ಅಂಗಡಿಗಳುಂಟು, ವಿಚಾರಿಸಿ.

ನಮ್ಮ ಅಡುಗೆ ಬೇಕೆನ್ನುವವರು ಬೇಳೆ, ಸಾರಿನ ಪುಡಿ, ಚಟ್ನಿಪುಡಿಯನ್ನು ಊರಿನಿಂದಲೇ ಕಟ್ಟಿಕೊಂಡು ಹೊರಡಿ. ಪ್ಯಾರಿಸಿನಿಂದ ಬರುವವರಿಗೆ ಅಲ್ಲಿನ ಲಾ ಶಾಪೆಲ್ ಬಡಾವಣೆಯ ಭಾರತೀಯ ಅಂಗಡಿಗಳಿವೆ. ಅಕ್ಕಿ, ತರಕಾರಿ, ಹಾಲು, ಮೊಸರನ್ನು ಮೂತಿಯೇ ಪಟ್ಟಣದಲ್ಲಿ ರೈಲಿಳಿದಾಗಲೇ ಕೊಳ್ಳಿ, ಬೆಟ್ಟದ ಮೇಲಿನ ಅಂಗಡಿಗಳಲ್ಲಿ ದುಬಾರಿ. ಕೂರ್ಶವೆಲ್ 1850ರ ಎತ್ತರದಲ್ಲಿ ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ನುಣ್ಣಗಾಗಲು ಬಹಳ ಹೊತ್ತು ಹಿಡಿಯುತ್ತದೆ. ಸಣ್ಣ ಕುಕ್ಕರ್ ಒಯ್ಯಿರಿ, ಮನೆಯಲ್ಲಿಗಿಂತ ಒಂದೆರಡು ಕೂಗು ಹೆಚ್ಚು ಕೂಗಿಸಿ. ಒಲೆ ಇಂಡಕ್ಷನ್ ಆಗಿದ್ದರೆ ಅಲ್ಯೂಮಿನಿಯಂ ಕುಕ್ಕರ್ ಕಾಯುವುದಿಲ್ಲ. ತಳಕ್ಕೆ ಅಯಸ್ಕಾಂತ ಅಂಟುತ್ತದೆಯೇ ನೋಡಿಕೊಂಡು ಕಟ್ಟಿ. ಫ್ರಾನ್ಸಿನಲ್ಲಿ 2015ರಿಂದ ಪ್ರತಿ ಮನೆಗೂ ಹೊಗೆ ಅಲಾರಂ ಕಡ್ಡಾಯ, ಒಣಮೆಣಸಿನಕಾಯಿ ಒಗ್ಗರಣೆಗೆ ಅದು ಕೂಗಿಬಿಡುತ್ತದೆ. ಕಿಟಕಿ ತೆರೆದು, ಸಣ್ಣ ಉರಿಯಲ್ಲಿ, ಮುಚ್ಚಳ ಮುಚ್ಚಿ ಒಗ್ಗರಣೆ ಹಾಕಿ.

ಬುತ್ತಿಗೆ ಚಿತ್ರಾನ್ನ ಬೇಡ, ಚಳಿಗೆ ಅನ್ನ ಗಟ್ಟಿಯಾಗಿ ಅಗಿಯಲಾಗದು. ಪಲ್ಯ ಸುತ್ತಿದ ಚಪಾತಿಯನ್ನು ಜಾಕೆಟ್ಟಿನ ಒಳಜೇಬಿನಲ್ಲಿಟ್ಟುಕೊಂಡರೆ ಮೆತ್ತಗೇ ಉಳಿಯುತ್ತದೆ, ಫ್ಲಾಸ್ಕಿನಲ್ಲಿ ಬಿಸಿ ಸಾರು. ರೆಸ್ಟೋರೆಂಟಿನ ಅಂಗಳದಲ್ಲಿ ಬುತ್ತಿ ಬಿಚ್ಚಲು ಬಿಡುವುದಿಲ್ಲ; ಬುತ್ತಿ ತಂದವರಿಗಾಗಿಯೇ ಇರುವ 'ಸಾಲ್ ಓರ್ ಸಾಕ್' ಕೋಣೆ ಎಲ್ಲಿದೆ ಎಂದು ಪ್ರವಾಸಿ ಕಚೇರಿಯಲ್ಲಿ ಕೇಳಿ. ಕ್ರಿಸ್‌ಮಸ್ ವಾರಕ್ಕೂ ಫೆಬ್ರವರಿಯ ಶಾಲಾ ರಜೆಗೂ ಹೊರಡುವವರು ರಾತ್ರಿಯೂಟದ ಟೇಬಲ್ಲುಗಳನ್ನು ಮನೆ ಬಿಡುವ ಮೊದಲೇ ಕಾದಿರಿಸಿ. ಜನವರಿಯ ನಡುವಿನ ವಾರಗಳಲ್ಲಾದರೆ ಹಿಂದಿನ ದಿನ ಫೋನ್ ಮಾಡಿದರೂ ಬಹಳ ಕಡೆ ಜಾಗ ಸಿಗುತ್ತದೆ.