‘ಒಪ್ಪಿದೆ’ ಒತ್ತುವ ಮುಂಚೆ ಹೊಣೆ ಯಾರ ತಲೆಗೆ ನೋಡಿ

ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. ತಪ್ಪಿನ ಹೊಣೆ ಹೇಗೆ ಕೈ ಬದಲಿಸುತ್ತದೆ ಅಂತ ದಿನಾ ನೋಡುತ್ತೇನೆ. ‘ಖಚಿತವೇ?’ ಎಂದು ಪರದೆ ಕೇಳುತ್ತದೆ. ನೀವು ‘ಹೌದು’ ಒತ್ತುತ್ತೀರಿ. ಅಲ್ಲಿಗೆ ತಪ್ಪು ನಿಮ್ಮದು.

ಷರತ್ತುಗಳನ್ನೆಲ್ಲ ಓದಲು ಯಾರಿಗೂ ಪುರುಸೊತ್ತಿಲ್ಲ, ಅಲ್ವಾ? ಇಂಗ್ಲಿಷ್ ಷರತ್ತಾದರೆ ‘ಆಸ್ ಈಸ್’, ‘ಲಯಬಿಲಿಟಿ’, ‘ಇಂಡೆಮ್ನಿಫೈ’ ಪದಗಳನ್ನಷ್ಟೇ ಹುಡುಕಿ. ‘ಆಸ್ ಈಸ್’ ಅಂದರೆ ಇದ್ದದ್ದು ಇದ್ದ ಹಾಗೆ, ಕೆಟ್ಟರೆ ಹೊಣೆ ನಾವಲ್ಲ ಅನ್ನುತ್ತದೆ ಕಂಪನಿ. ‘ಲಯಬಿಲಿಟಿ’ ಇರುವ ಕಡೆ ಕಂಪನಿ ಹೆಚ್ಚೆಂದರೆ ಎಷ್ಟು ಪರಿಹಾರ ಕೊಡುತ್ತದೆ ಅಂತ ಇರುತ್ತದೆ. ‘ಇಂಡೆಮ್ನಿಫೈ’ ಇನ್ನೂ ಜೋರು: ನಿಮ್ಮ ಬಳಕೆಯಿಂದ ಕಂಪನಿಗೆ ನಷ್ಟವಾದರೆ ನೀವೇ ತುಂಬಿಕೊಡಬೇಕು. ಈ ಸಾಲನ್ನು ನಾನು ಎರಡು ಸಲ ಓದುತ್ತೇನೆ.

ಇದಕ್ಕಿಂತ ಮುಖ್ಯ, ನಿಮ್ಮದೇ ಸಾಕ್ಷಿ. ಹಣ ಕಳಿಸಿದಾಗ, ಏನಾದರೂ ರದ್ದು ಮಾಡಿದಾಗ, ಕಂಪನಿ ಪರವಾಗಿ ಉತ್ತರಿಸುವ ಚಾಟ್‌ಬಾಟ್ ಮಾತು ಕೊಟ್ಟಾಗ ಸ್ಕ್ರೀನ್‌ಶಾಟ್ ತೆಗೆಯಿರಿ. ದಿನಾಂಕ, ಸಮಯ ಕಾಣಬೇಕು. ಏರ್ ಕೆನಡಾದ ಚಾಟ್‌ಬಾಟ್ ಟಿಕೆಟ್ ರಿಯಾಯಿತಿ ಬಗ್ಗೆ ತಪ್ಪು ಹೇಳಿತ್ತು. ಪ್ರಯಾಣಿಕ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದ. 2024ರಲ್ಲಿ ಅಲ್ಲಿನ ನ್ಯಾಯಮಂಡಳಿ ಹೊಣೆ ಕಂಪನಿಯದೇ ಎಂದಿತು.

ಬ್ರಿಟನ್‌ನಲ್ಲಿ ಉಲ್ಟಾ ಆಗಿತ್ತು. 1999ರಲ್ಲಿ ಅಂಚೆ ಕಚೇರಿಗಳಿಗೆ ಬಂದ ‘ಹೊರೈಜನ್’ ಎಂಬ ಲೆಕ್ಕದ ಸಾಫ್ಟ್‌ವೇರ್ ಹಣದಲ್ಲಿ ಇಲ್ಲದ ಕೊರತೆ ತೋರಿಸಿತು. ಕಂಪ್ಯೂಟರ್ ಮಾತನ್ನೇ ನಂಬಿ ನೂರಾರು ಅಂಚೆ ನಿರ್ವಾಹಕರಿಗೆ ಶಿಕ್ಷೆಯಾಯಿತು. ಕೆಲವರು ಜೈಲಿಗೂ ಹೋದರು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಆದ್ದರಿಂದ ಕೆಲಸದ ಜಾಗದಲ್ಲೂ ಲೆಕ್ಕ ತಾಳೆಯಾಗದಿದ್ದರೆ ಸುಮ್ನೆ ‘ಸರಿ’ ಒತ್ತಬೇಡಿ. ಅವತ್ತೇ ಇಮೇಲ್‌ನಲ್ಲಿ ದೂರು ಕೊಡಿ, ದೂರಿನ ನಂಬರ್ ಕೇಳಿ ಪಡೆಯಿರಿ.